ಮಣ್ಣಿನ ಬಲವನ್ನಳೆಯುವ ಕೈ ಉಪಕರಣ: ಬಳಕೆ ಮತ್ತು ಜೋಪಾನ

ಕಟ್ಟಡವು ಎಷ್ಟೇ ಎತ್ತರವಾಗಿರಲಿ, ಅದರ ಭಾರವನ್ನೆಲ್ಲ ಕೊನೆಗೆ ಹೊರುವುದು ಮಣ್ಣು. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ತಂತಿ ಇವುಗಳನ್ನು ಹೂಳಬೇಕಾದರೂ ಮೊದಲು ಮಣ್ಣನ್ನೇ ಅಗೆಯಬೇಕು. ಹೀಗೆ ಅಗೆದ ಕಂದಕದ ಗೋಡೆ ಎಷ್ಟು ಹೊತ್ತು ನಿಂತೀತು ಎಂಬುದನ್ನು ಕಣ್ಣಂದಾಜಿನಿಂದ ಹೇಳುವುದು ಕಷ್ಟ. ಒಂದು ಘನ ಮೀಟರ್ ತೇವದ ಮಣ್ಣು ಸುಮಾರು 1,800 ಕಿಲೋಗ್ರಾಂ ತೂಗುತ್ತದೆ. ಗೋಡೆ ಕುಸಿದು ಎದೆಮಟ್ಟ ಹೂತುಹೋದ ಮನುಷ್ಯನ ತಲೆ ಹೊರಗೇ ಇದ್ದರೂ, ಎದೆ ಹಿಗ್ಗಲಾರದೆ ಅವನ ಉಸಿರು ಕಟ್ಟುತ್ತದೆ. ಓಡಿ ಹೊರಬರುವುದಕ್ಕೆ ಸಿಗುವ ಕಾಲಾವಕಾಶ ಕೆಲವೇ ಕ್ಷಣಗಳು.

ಮುಂಬಯಿ, ಪುಣೆ, ಹೈದರಾಬಾದು ಮೊದಲಾದ ನಗರಗಳ ಕಾಮಗಾರಿಗಳಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳಿಂದ ಬಂದ ಕನ್ನಡಿಗ ಕೂಲಿಕಾರರು ದುಡಿಯುತ್ತಿದ್ದಾರೆ. ಪಾಯ ತೋಡುವವರೂ ಕಂದಕಕ್ಕೆ ಇಳಿಯುವವರೂ ಅವರೇ. ಅವರ ಮೇಸ್ತ್ರಿಗಳಿಗೆ, ಕಾಮಗಾರಿಯ ಮೇಲ್ವಿಚಾರಕರಿಗೆ ಮತ್ತು ಸ್ವಂತ ಮನೆ ಕಟ್ಟಿಸುವ ಗೃಹಸ್ಥರಿಗೆ ಉಪಯೋಗಕ್ಕೆ ಬರಬಹುದಾದ ಒಂದು ಚಿಕ್ಕ ಉಪಕರಣವೆಂದರೆ ಪಾಕೆಟ್ ಪೆನೆಟ್ರೋಮೀಟರ್. ಇದು ಸರಳವಾದುದು, ಬಳಸಲು ಕಲಿಯುವುದಕ್ಕೆ ಅರ್ಧ ಗಂಟೆ ಸಾಕು. ಆದರೆ ಅದು ತೋರಿಸುವ ಅಂಕಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿಯದೆ ಬಳಸಿದರೆ ಅದರಿಂದ ಉಪಕಾರಕ್ಕಿಂತ ಅಪಾಯವೇ ಹೆಚ್ಚು.

ಉಪಕರಣದ ರಚನೆ

ಪಾಕೆಟ್ ಪೆನೆಟ್ರೋಮೀಟರ್ ಒಂದು ಗೇಣಿಗಿಂತ ಚಿಕ್ಕದಾದ ಲೋಹದ ಕೊಳವೆ. ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ. ಕೊಳವೆಯ ಒಳಗೆ ಒಂದು ಸ್ಪ್ರಿಂಗ್ ಇದ್ದು, ಅದಕ್ಕೆ ತಾಗಿದಂತೆ ಒಂದು ಉಕ್ಕಿನ ದಂಡ ಹೊರಚಾಚಿರುತ್ತದೆ. ದಂಡದ ಚಪ್ಪಟೆ ಮೊನೆಯ ವ್ಯಾಸ ಕಾಲು ಅಂಗುಲ, ಅಂದರೆ 6.35 ಮಿಲಿಮೀಟರ್. ಮೊನೆಯಿಂದ ಅಷ್ಟೇ ದೂರದಲ್ಲಿ ದಂಡದ ಸುತ್ತ ಒಂದು ಗೆರೆಯನ್ನು ಕೊರೆದಿರುತ್ತಾರೆ. ಕೊಳವೆಯ ಮೈಮೇಲೆ ಸಾಮಾನ್ಯವಾಗಿ 0ಯಿಂದ 4.5ರವರೆಗೆ ಅಳತೆಯ ಗುರುತುಗಳಿದ್ದು, ಇವು ಚದರ ಸೆಂಟಿಮೀಟರಿಗೆ ಇಷ್ಟು ಕಿಲೋಗ್ರಾಂ ಎಂಬುದನ್ನು ಸೂಚಿಸುತ್ತವೆ. ಗುರುತುಗಳ ಮೇಲೆ ಜರುಗುವ ಒಂದು ಉಂಗುರವಿರುತ್ತದೆ. ದಂಡವನ್ನು ಮಣ್ಣಿಗೆ ಒತ್ತಿದಾಗ ಸ್ಪ್ರಿಂಗ್ ಕುಗ್ಗಿ ಉಂಗುರ ಮೇಲಕ್ಕೆ ಸರಿಯುತ್ತದೆ. ಕೈ ತೆಗೆದ ಮೇಲೆ ದಂಡ ಮರಳಿ ಹೊರಬಂದರೂ ಉಂಗುರ ಮಾತ್ರ ತಾನು ಮುಟ್ಟಿದ ಗುರುತಿನಲ್ಲಿಯೇ ನಿಲ್ಲುತ್ತದೆ.

ಅಳೆಯುವುದು ಏನನ್ನು?

ಸುತ್ತಲೂ ಯಾವ ಆಸರೆಯೂ ಇಲ್ಲದ ಜೇಡಿಮಣ್ಣಿನ ಒಂದು ಉರುಳೆಯನ್ನು ಮೇಲಿನಿಂದ ಒತ್ತುತ್ತ ಹೋದರೆ ಯಾವುದೋ ಒಂದು ಒತ್ತಡದಲ್ಲಿ ಅದು ಮುರಿಯುತ್ತದೆ. ಆ ಒತ್ತಡವೇ ಮಣ್ಣಿನ ಸಂಪೀಡನ ಬಲ. ಪ್ರಯೋಗಾಲಯದಲ್ಲಿ ಇದನ್ನು ಕಂಡುಹಿಡಿಯುವ ವಿಧಾನವನ್ನು ಭಾರತೀಯ ಮಾನಕ ಐಎಸ್ 2720ರ 10ನೆಯ ಭಾಗದಲ್ಲಿ ನಿಗದಿಪಡಿಸಲಾಗಿದೆ. ಮಣ್ಣಿನ ಒಂದು ಭಾಗ ಇನ್ನೊಂದರ ಮೇಲೆ ಜಾರದಂತೆ ತಡೆಯುವ ಬಲಕ್ಕೆ ಷಿಯರ್ ಬಲವೆಂದು ಹೆಸರು. ನೀರುಂಡ ಜೇಡಿಮಣ್ಣಿನಲ್ಲಿ ಇದು ಸಂಪೀಡನ ಬಲದ ಅರ್ಧದಷ್ಟು ಎಂದು ಲೆಕ್ಕ ಹಿಡಿಯುತ್ತಾರೆ.

ಪೆನೆಟ್ರೋಮೀಟರ್ ಈ ಸಂಪೀಡನ ಬಲವನ್ನು ನೇರವಾಗಿ ಅಳೆಯುವುದಿಲ್ಲ. ಮೊನೆಯು ಮಣ್ಣನ್ನು ಹೊಗುವಾಗ ಎದುರಾಗುವ ಪ್ರತಿರೋಧದಿಂದ ಅದನ್ನು ಅಂದಾಜು ಮಾಡುತ್ತದೆ. ಇಂಥ ಪ್ರತಿರೋಧಕ್ಕೆ ಇಷ್ಟು ಬಲ ಎಂಬ ಸಂಬಂಧವನ್ನು ಆಧರಿಸಿಯೇ ತಯಾರಕರು ಕೊಳವೆಯ ಮೇಲೆ ಗುರುತು ಹಾಕಿರುತ್ತಾರೆ. ಆದುದರಿಂದ ಇದು ಪ್ರಯೋಗಾಲಯದ ಪರೀಕ್ಷೆಗೆ ಬದಲಿ ಅಲ್ಲ; ಸ್ಥಳದಲ್ಲಿಯೇ ಬೇಗನೆ ಸಿಗುವ ಒಂದು ಸೂಚನೆ ಮಾತ್ರ. ಈ ಸೂಚನೆಯೂ ಅಂಟುಗುಣವುಳ್ಳ ಮಣ್ಣಿಗಷ್ಟೇ ಅನ್ವಯಿಸುತ್ತದೆ. ಮರಳು, ಜಲ್ಲಿ, ಗರಸು ಇವುಗಳಲ್ಲಿ ಉಪಕರಣ ತೋರಿಸುವ ಅಂಕಿಗೆ ಅರ್ಥವಿಲ್ಲ.

ಬಳಸುವ ಕ್ರಮ

ಮೊದಲನೆಯ ನಿಯಮವನ್ನು ಯಾರೂ ಮರೆಯಬಾರದು: ಆಸರೆ ಕೊಡದ ಆಳವಾದ ಕಂದಕಕ್ಕೆ ಮಣ್ಣಿನ ಪರೀಕ್ಷೆಗೆಂದು ಇಳಿಯಕೂಡದು. ಗೋಡೆ ಗಟ್ಟಿಯಾಗಿದೆಯೇ ಎಂದು ನೋಡಲು ಹೋದವನೇ ಅದರಡಿ ಸಿಕ್ಕಿಬೀಳುವ ಸಂಭವವಿದೆ. ಸಲಿಕೆಯಿಂದಲೋ ಯಂತ್ರದ ಬಕೆಟ್ಟಿನಿಂದಲೋ ಆಗತಾನೇ ಮೇಲೆ ಬಂದ ದೊಡ್ಡ ಹೆಂಟೆಯೊಂದನ್ನು ಆರಿಸಿಕೊಂಡು, ಅದನ್ನು ಮೇಲೆಯೇ ಪರೀಕ್ಷಿಸಬೇಕು. ಹೆಂಟೆ ಬಿಸಿಲಿಗೆ ಒಣಗುವ ಮುನ್ನವೇ ಪರೀಕ್ಷೆ ಮುಗಿಯಬೇಕು. ಒಣಗಿದ ಮೇಲ್ಪದರ ಒಳಗಿನ ಮಣ್ಣಿಗಿಂತ ಗಟ್ಟಿಯಾಗಿದ್ದು ಸುಳ್ಳು ಭರವಸೆ ಕೊಡುತ್ತದೆ.

ಹೆಂಟೆಯ ಒಂದು ಮುಖವನ್ನು ಚೂರಿಯಿಂದ ಸಮತಟ್ಟಾಗಿ ಕೆತ್ತಬೇಕು. ಕೈಯಿಂದ ತಟ್ಟಿ ನುಣುಪು ಮಾಡಬಾರದು. ಜೇಡಿಮಣ್ಣನ್ನು ನಾದಿದರೆ ಅದರ ಸಹಜ ಕಟ್ಟು ಕೆಟ್ಟು ಬಲ ಬಹಳ ಕುಗ್ಗಬಹುದು. ಆಗ ಬರುವ ಅಂಕಿ ನೆಲದ ಮಣ್ಣಿನದಾಗಿರುವುದಿಲ್ಲ. ಬೇರು, ಕಲ್ಲಿನ ಚೂರು, ಸುಣ್ಣದ ಕಂಕರು ಇರುವ ಜಾಗವನ್ನು ಬಿಡಬೇಕು.

ಅನಂತರ ಉಂಗುರವನ್ನು ಸೊನ್ನೆಗೆ ಸರಿಸಿ, ಉಪಕರಣವನ್ನು ಮಣ್ಣಿನ ಮುಖಕ್ಕೆ ಲಂಬವಾಗಿ ಹಿಡಿಯಬೇಕು. ಗುದ್ದದೆ, ಅಲುಗಿಸದೆ, ಒಂದೇ ಸಮನೆ ನಿಧಾನವಾಗಿ ಒತ್ತಬೇಕು. ದಂಡದ ಮೇಲಿನ ಗೆರೆ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಬಂದ ಕ್ಷಣವೇ ನಿಲ್ಲಿಸಬೇಕು. ಗೆರೆ ಮುಳುಗಿದರೆ ಅಳತೆ ಹೆಚ್ಚಾಗಿ ಬರುತ್ತದೆ. ಮಣ್ಣನ್ನು ಮುಟ್ಟದೇ ಉಳಿದರೆ ಕಡಿಮೆಯಾಗಿ ಬರುತ್ತದೆ. ಉಪಕರಣವನ್ನು ಹೊರತೆಗೆದು ಉಂಗುರ ನಿಂತ ಗುರುತನ್ನು ಓದಿಕೊಳ್ಳಬೇಕು. ಉಂಗುರಕ್ಕೆ ಎರಡು ಅಂಚುಗಳಿರುವುದರಿಂದ ಯಾವ ಅಂಚಿನಲ್ಲಿ ಓದಬೇಕೆಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಸಾಮಾನ್ಯ ಮಾದರಿಗಳಲ್ಲಿ ಮೊನೆಯ ಕಡೆಗಿರುವ ಅಂಚೇ ಸರಿಯಾದುದು.

ಒಂದೇ ಅಳತೆಯನ್ನು ನಂಬಬಾರದು. ಪ್ರತಿ ಸಲ ಮೊನೆಯನ್ನು ಒರೆಸಿ, ಉಂಗುರವನ್ನು ಸೊನ್ನೆಗೆ ತಂದು, ಹಳೆಯ ತೂತಿನಿಂದ ಸಾಕಷ್ಟು ದೂರದಲ್ಲಿ ಕನಿಷ್ಠ ಐದಾರು ಬಾರಿ ಒತ್ತಿ ನೋಡಬೇಕು. ಮಣ್ಣು ಬಹಳ ಮೆತ್ತಗಿದ್ದು ಉಂಗುರ ಜರುಗದೇ ಹೋದರೆ, 25 ಮಿಲಿಮೀಟರ್ ವ್ಯಾಸದ ಅಗಲವಾದ ಪಾದವನ್ನು ಮೊನೆಗೆ ಸಿಕ್ಕಿಸಿ ಅಳೆಯಬಹುದು. ಇದರ ವಿಸ್ತೀರ್ಣ ಮೊನೆಯ 16 ಪಟ್ಟು. ಆದುದರಿಂದ ಬಂದ ಅಂಕಿಯನ್ನು 16ರಿಂದ ಭಾಗಿಸಬೇಕು. ಹೀಗೆ ಭಾಗಿಸುವುದನ್ನು ಮರೆತರೆ ಕೆಸರು ಸಹ ಗಟ್ಟಿ ನೆಲವೆಂದು ಪುಸ್ತಕದಲ್ಲಿ ದಾಖಲಾಗುತ್ತದೆ.

ಅಂಕಿಗಳ ಅರ್ಥ

ಉದಾಹರಣೆಗೆ, ಒಂದು ಹೆಂಟೆಯಲ್ಲಿ ಆರು ಬಾರಿ ಒತ್ತಿದಾಗ 1.2, 1.3, 1.1, 1.2, 2.6, 1.2 ಎಂಬ ಅಳತೆಗಳು ಬಂದವೆಂದು ಇಟ್ಟುಕೊಳ್ಳೋಣ. ಐದನೆಯದು ಉಳಿದವುಗಳಿಗಿಂತ ಎರಡು ಪಟ್ಟು. ಅಲ್ಲಿ ಚೂರಿಯಿಂದ ಕೆದಕಿ ನೋಡಿದರೆ ಕಲ್ಲಿನ ಚೂರು ಸಿಗುವ ಸಂಭವವೇ ಹೆಚ್ಚು. ಕಲ್ಲು ಸಿಕ್ಕಲ್ಲಿ ಕಾರಣವನ್ನು ಬರೆದಿಟ್ಟು ಅದನ್ನು ಕೈಬಿಡಬೇಕು. ಉಳಿದ ಐದರ ಸರಾಸರಿ 1.2. ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಎಂದರೆ ಸುಮಾರು 98 ಕಿಲೋಪಾಸ್ಕಲ್. ಈ ಲೆಕ್ಕದಲ್ಲಿ ಮಣ್ಣಿನ ಸಂಪೀಡನ ಬಲ ಸುಮಾರು 118 ಕಿಲೋಪಾಸ್ಕಲ್, ಷಿಯರ್ ಬಲ ಅದರ ಅರ್ಧ, ಅಂದರೆ 59 ಕಿಲೋಪಾಸ್ಕಲ್.

ಇಂಜಿನಿಯರುಗಳು ಜೇಡಿಮಣ್ಣನ್ನು ಸಂಪೀಡನ ಬಲದ ಆಧಾರದ ಮೇಲೆ ಹೀಗೆ ವಿಂಗಡಿಸುತ್ತಾರೆ:

25 ಕಿಲೋಪಾಸ್ಕಲ್‌ಗಿಂತ ಕಡಿಮೆ — ಅತಿ ಮೆದು
25ರಿಂದ 50 — ಮೆದು
50ರಿಂದ 100 — ಮಧ್ಯಮ
100ರಿಂದ 200 — ಗಟ್ಟಿ
200ರಿಂದ 400 — ಅತಿ ಗಟ್ಟಿ
400ಕ್ಕಿಂತ ಹೆಚ್ಚು — ಕಠಿಣ

ಮೇಲಿನ ಉದಾಹರಣೆಯ ಮಣ್ಣು ಗಟ್ಟಿ ವರ್ಗಕ್ಕೆ ಸೇರುತ್ತದೆ. ಕೈಯಲ್ಲಿ ಉಪಕರಣವಿಲ್ಲದಿದ್ದರೆ ಹೆಬ್ಬೆರಳೇ ಒಂದು ಒರಟು ಮಾಪಕ. ಹೆಬ್ಬೆರಳು ಸಲೀಸಾಗಿ ಒಳಹೋದರೆ ಮಣ್ಣು ಮೆದು. ಗುರುತು ಮೂಡಿ, ಒಳಹೊಗಿಸಲು ಬಹಳ ಬಲ ಬೇಕಾದರೆ ಗಟ್ಟಿ. ಬಂದ ಅಂಕಿಗೂ ಹೆಬ್ಬೆರಳಿನ ಅನುಭವಕ್ಕೂ ತಾಳೆಯಾಗದಿದ್ದರೆ ಉಪಕರಣದಲ್ಲಿಯೋ ಬಳಸಿದ ಕ್ರಮದಲ್ಲಿಯೋ ದೋಷವಿದೆಯೆಂದು ತಿಳಿದು ಮತ್ತೊಮ್ಮೆ ಪರೀಕ್ಷಿಸಬೇಕು.

ಉಪಕರಣಕ್ಕೆ ಕಾಣದ ಸಂಗತಿಗಳು

ಇದೇ ಉದಾಹರಣೆಯನ್ನು ಇನ್ನೊಂದು ಹೆಜ್ಜೆ ಮುಂದುವರಿಸಿದರೆ ಒಂದು ಮುಖ್ಯ ಪಾಠ ದೊರೆಯುತ್ತದೆ. ಜೇಡಿಮಣ್ಣಿನಲ್ಲಿ ನೇರವಾಗಿ ಕಡಿದ ಗೋಡೆ ಆಸರೆಯಿಲ್ಲದೆ ಎಷ್ಟು ಎತ್ತರ ನಿಲ್ಲಬಹುದು ಎಂಬುದಕ್ಕೆ ಪಠ್ಯಪುಸ್ತಕಗಳಲ್ಲಿ ಒಂದು ಸೂತ್ರವಿದೆ: ಷಿಯರ್ ಬಲದ ನಾಲ್ಕು ಪಟ್ಟನ್ನು ಒಂದು ಘನ ಮೀಟರ್ ಮಣ್ಣಿನ ಭಾರದಿಂದ ಭಾಗಿಸುವುದು. 59ರ ನಾಲ್ಕು ಪಟ್ಟು 236. ಘನ ಮೀಟರಿಗೆ 18 ಕಿಲೋನ್ಯೂಟನ್ ಭಾರವೆಂದು ಹಿಡಿದರೆ ಉತ್ತರ ಸುಮಾರು 13 ಮೀಟರ್. ಅಂದರೆ ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರದ ಮಣ್ಣಿನ ಗೋಡೆ ತಾನಾಗಿಯೇ ನಿಲ್ಲಬೇಕು! ಅನುಭವವುಳ್ಳ ಯಾವ ಮೇಸ್ತ್ರಿಯೂ ಇದನ್ನು ಒಪ್ಪಲಾರ. ಎರಡು ಮೀಟರ್ ಆಳದ ಕಂದಕಗಳೇ ಕುಸಿದು ಜೀವಹಾನಿ ಆಗುತ್ತಿರುವಾಗ ಈ ಲೆಕ್ಕ ತಪ್ಪಿದ್ದು ಎಲ್ಲಿ?

ಅಳತೆ ಸುಳ್ಳಲ್ಲ, ಗುಣಾಕಾರವೂ ತಪ್ಪಲ್ಲ. ಉಪಕರಣ ಪರೀಕ್ಷಿಸಿದ್ದು ಬೆರಳಿನ ತುದಿಯಷ್ಟು ಮಣ್ಣನ್ನು. ಕುಸಿಯುವುದು ಇಡೀ ಗೋಡೆ. ಗೋಡೆಯಲ್ಲಿ ಬಿರುಕುಗಳಿರುತ್ತವೆ, ಬೇರುಗಳ ಜಾಡುಗಳಿರುತ್ತವೆ, ಎರಡು ಜೇಡಿಯ ಪದರಗಳ ನಡುವೆ ತೆಳುವಾದ ಮರಳಿನ ಪದರವಿರುತ್ತದೆ. ಬಿರುಕಿನ ಎರಡೂ ಬದಿಯ ಮಣ್ಣು ಎಷ್ಟೇ ಗಟ್ಟಿಯಾಗಿದ್ದರೂ ಬಿರುಕಿನಲ್ಲಿ ಬಲವಿರುವುದಿಲ್ಲ. ಕಂದಕ ತೆರೆದ ಮೇಲೆ ಅದರ ಅಂಚಿಗೆ ಸಮಾನಾಂತರವಾಗಿ ನೆಲ ಬಿರಿಯುತ್ತದೆ. ಆ ಬಿರುಕಿನಲ್ಲಿ ಮಳೆನೀರು ತುಂಬಿದರೆ ಅದೇ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಪಕ್ಕದ ರಸ್ತೆಯಲ್ಲಿ ಓಡುವ ಲಾರಿಯ ಅದುರು, ಅಂಚಿನಲ್ಲಿ ಪೇರಿಸಿದ ಮಣ್ಣಿನ ಭಾರ, ಹಿಂದೆ ಯಾವುದೋ ಕೊಳವೆಗಾಗಿ ಅಗೆದು ಮುಚ್ಚಿದ ಸಡಿಲ ಮಣ್ಣು, ಒಡೆದ ನಲ್ಲಿಯ ಸೋರಿಕೆ ಇವೊಂದನ್ನೂ ಪೆನೆಟ್ರೋಮೀಟರ್ ಕಾಣಲಾರದು.

ಅಮೆರಿಕದಲ್ಲಿ 1989ರಲ್ಲಿ ಪರಿಷ್ಕರಿಸಲಾದ ಅಗೆತದ ಸುರಕ್ಷತಾ ನಿಯಮಗಳು ಈ ಮಾತನ್ನು ಸ್ಪಷ್ಟಪಡಿಸುತ್ತವೆ. ಅಲ್ಲಿ ಕಂದಕದ ಮಣ್ಣನ್ನು ವರ್ಗೀಕರಿಸಲು ಪಾಕೆಟ್ ಪೆನೆಟ್ರೋಮೀಟರ್ ಬಳಸಲು ಅವಕಾಶವಿದೆ. ಸಂಪೀಡನ ಬಲ 144 ಕಿಲೋಪಾಸ್ಕಲ್ ಅಥವಾ ಹೆಚ್ಚಿರುವ ಅಂಟುಮಣ್ಣು ಅತ್ಯುತ್ತಮ ವರ್ಗಕ್ಕೆ ಸೇರಬಹುದು. ಆದರೆ ಮಣ್ಣಿನಲ್ಲಿ ಬಿರುಕಿದ್ದರೆ, ವಾಹನಗಳ ಅದುರು ತಾಗುತ್ತಿದ್ದರೆ ಅಥವಾ ಅದನ್ನು ಹಿಂದೆ ಅಗೆದು ಮುಚ್ಚಿದ್ದರೆ, ಉಪಕರಣ ಎಷ್ಟೇ ದೊಡ್ಡ ಅಂಕಿ ತೋರಿಸಲಿ, ಆ ವರ್ಗದಲ್ಲಿ ಸೇರಿಸಕೂಡದು. ನಗರದ ರಸ್ತೆ ಬದಿಯ ಕಂದಕಗಳಲ್ಲಿ ಈ ಮೂರರಲ್ಲಿ ಒಂದಾದರೂ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಹಾಗಾದರೆ ಉಪಕರಣದ ಪ್ರಯೋಜನವೇನು? ಅದು ಅಪಾಯವನ್ನು ಹೇಳಿದಾಗ ನಂಬಬೇಕು. ಅಭಯ ಕೊಟ್ಟಾಗ ಇತರ ಸಂಗತಿಗಳನ್ನೂ ನೋಡಬೇಕು. ಅಳತೆ ಕಡಿಮೆ ಬಂದರೆ ಕೆಲಸ ನಿಲ್ಲಿಸಲು ಅದೊಂದೇ ಕಾರಣ ಸಾಕು. ಅಳತೆ ಹೆಚ್ಚು ಬಂದರೆ ಆಸರೆ ಬಿಡಲು ಅದೊಂದೇ ಕಾರಣ ಸಾಲದು. ನಿನ್ನೆಯ ಅಳತೆಯನ್ನು ಇಂದಿನದರೊಡನೆ, ಮಳೆಗೆ ಮುಂಚಿನದನ್ನು ಮಳೆಯ ನಂತರದ್ದರೊಡನೆ ಹೋಲಿಸಿ ನೋಡುವುದರಲ್ಲಿಯೇ ಇದರ ನಿಜವಾದ ಉಪಯೋಗವಿದೆ.

ಎರೆಮಣ್ಣು ಮತ್ತು ಮನೆಯ ಪಾಯ

ಪುಣೆ, ಸೋಲಾಪುರ, ಕಲಬುರಗಿ, ವಿಜಯಪುರ ಸೀಮೆಗಳಲ್ಲಿ ವ್ಯಾಪಕವಾಗಿರುವ ಎರೆಮಣ್ಣಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಈ ಮಣ್ಣು ನೀರು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ವೈಶಾಖದ ಬಿಸಿಲಿನಲ್ಲಿ ಉಪಕರಣದ ಉಂಗುರ ಕೊನೆಯ ಗುರುತನ್ನು ಮುಟ್ಟಿದರೂ ಮೊನೆ ಒಳಗಿಳಿಯದು. ಶ್ರಾವಣದ ಮಳೆಯಲ್ಲಿ ಅದೇ ನೆಲದಲ್ಲಿ ಕಾಲು ಹೂಳುತ್ತದೆ. ಬೇಸಗೆಯ ಅಳತೆಯನ್ನು ನೆಚ್ಚಿ ಮೇಲುಮೇಲೆ ಹಾಕಿದ ಪಾಯ ಮುಂದೆ ಗೋಡೆಗಳಲ್ಲಿ ಬಿರುಕು ಬಿಡಿಸುತ್ತದೆ. ಇಂಥ ನೆಲಕ್ಕಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಪೈಲ್ ಪಾಯಗಳನ್ನು ಅಭಿವೃದ್ಧಿಪಡಿಸಿದೆ. ಋತುವಿನೊಡನೆ ಉಬ್ಬಿ ಕುಗ್ಗುವ ಮೇಲ್ಪದರವನ್ನು ದಾಟಿ, ಕೆಳಗಿನ ಸ್ಥಿರವಾದ ಮಣ್ಣಿನಲ್ಲಿ ಬೇರೂರುವುದು ಇವುಗಳ ತತ್ತ್ವ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲಿಯೇ ನಿವಾರಿಸುವುದು ಒಳ್ಳೆಯದು. ಉಪಕರಣದ ಅಂಕಿಯೂ ಪಾಯದ ಧಾರಣ ಸಾಮರ್ಥ್ಯವೂ ಒಂದೇ ಮಾನದಲ್ಲಿರುವುದರಿಂದ, ಒಂದನ್ನು ಇನ್ನೊಂದೆಂದು ತಿಳಿಯುವುದುಂಟು. ಇದು ಸರಿಯಲ್ಲ. ಪೆನೆಟ್ರೋಮೀಟರ್ ಆರು ಮಿಲಿಮೀಟರ್ ಮಣ್ಣನ್ನು ಮುಟ್ಟುತ್ತದೆ. ಪಾಯದ ಒತ್ತಡವಾದರೋ ಅದರ ಅಗಲದ ಒಂದೂವರೆಯಿಂದ ಎರಡು ಪಟ್ಟು ಆಳದವರೆಗೆ ಗಮನಾರ್ಹವಾಗಿ ಹರಡುತ್ತದೆ. ಆ ಆಳದಲ್ಲಿ ಮೆದುವಾದ ಪದರವಿದ್ದರೆ ಮೇಲಿನ ಅಳತೆಯಿಂದ ತಿಳಿಯದು. ಮನೆಯ ಪಾಯಕ್ಕೆ ಕೊಳವೆ ಇಳಿಸಿ ಮಾಡುವ ಮಣ್ಣಿನ ಪರೀಕ್ಷೆಯೂ ಅರ್ಹ ಇಂಜಿನಿಯರರ ಸಲಹೆಯೂ ಅವಶ್ಯಕ.

ಉಪಕರಣದ ಜೋಪಾನ

ಪೆನೆಟ್ರೋಮೀಟರ್ ಕೆಟ್ಟಾಗ ಕೆಟ್ಟಿದೆಯೆಂದು ಹೇಳುವುದಿಲ್ಲ. ತಪ್ಪು ಅಂಕಿಯನ್ನು ಮೊದಲಿನಷ್ಟೇ ಸ್ಪಷ್ಟವಾಗಿ ತೋರಿಸುತ್ತಿರುತ್ತದೆ. ಆದುದರಿಂದ ಈ ಮುಂದಿನ ಕ್ರಮಗಳನ್ನು ಅನುಸರಿಸಬೇಕು.

1. ಪ್ರತಿದಿನ ಕೆಲಸ ಮುಗಿದ ಮೇಲೆ ದಂಡ, ಮೊನೆ ಮತ್ತು ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅನಂತರ ಒಣ ಬಟ್ಟೆಯಿಂದ ತೇವವಿಲ್ಲದಂತೆ ಮಾಡಬೇಕು. ಮುಂಬಯಿ, ಚೆನ್ನೈ ಕರಾವಳಿಯ ಉಪ್ಪು ಬೆರೆತ ಜೇಡಿಯಲ್ಲಿ ಬಳಸಿದಾಗ ಇದನ್ನು ಒಂದು ದಿನವೂ ತಪ್ಪಿಸಬಾರದು; ತುಕ್ಕು ಬೇಗ ಹಿಡಿಯುತ್ತದೆ.

2. ಕೊಳವೆಯೊಳಕ್ಕೆ ಮಣ್ಣು ಹೋಗದಂತೆ ನೋಡಿಕೊಳ್ಳಬೇಕು. ದಂಡವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ತಡೆಯಿಲ್ಲದೆ ಒಳಹೋಗಿ ಮರಳಿ ಬರಬೇಕು. ಮಧ್ಯದಲ್ಲಿ ಹಿಡಿದುಕೊಂಡರೆ ಆ ಘರ್ಷಣೆಯೂ ಮಣ್ಣಿನ ಬಲವೆಂದೇ ಲೆಕ್ಕವಾಗುತ್ತದೆ. ದಂಡಕ್ಕೆ ಗ್ರೀಸ್ ಬಳಿಯಬಾರದು. ಅದಕ್ಕೆ ದೂಳು ಅಂಟುತ್ತದೆ.

3. ಉಂಗುರ ಬಿಗಿಯಾಗಿಯೂ ಸಡಿಲವಾಗಿಯೂ ಇರಬಾರದು. ಉಪಕರಣವನ್ನು ತಲೆಕೆಳಗು ಮಾಡಿ ಮೆಲ್ಲಗೆ ತಟ್ಟಿದಾಗ ಉಂಗುರ ತಾನಾಗಿ ಜರುಗಿದರೆ ಅದನ್ನು ಬದಲಿಸಬೇಕು.

4. ಮೊನೆಯ ಅಂಚು ಕಲ್ಲಿಗೆ ತಾಗಿ ಸವೆದಿದೆಯೇ ಎಂದು ಆಗಾಗ ನೋಡಬೇಕು. ಸವೆದ ಮೊನೆ ಸುಲಭವಾಗಿ ಒಳಹೊಕ್ಕು ಅಳತೆಯನ್ನು ಕೆಡಿಸುತ್ತದೆ. ಉಪಕರಣವನ್ನು ಸ್ಕ್ರೂ ಡ್ರೈವರಿನಂತೆ, ಗೂಟದಂತೆ ಬಳಸಬಾರದು.

5. ಹೊಸ ಉಪಕರಣ ಬಂದ ದಿನವೇ ಅದನ್ನು ಒಂದು ತಕ್ಕಡಿಯ ತಟ್ಟೆಯ ಮೇಲೆ ನೇರವಾಗಿ ಒತ್ತಿ, ಉಂಗುರ 1, 2, 3, 4ನೆಯ ಗುರುತುಗಳಿಗೆ ಬಂದಾಗ ತಕ್ಕಡಿ ತೋರಿಸುವ ತೂಕವನ್ನು ಬರೆದಿಡಬೇಕು. ಕೆಲವು ತಿಂಗಳಿಗೊಮ್ಮೆಯೂ ಉಪಕರಣ ಎತ್ತರದಿಂದ ಬಿದ್ದಾಗಲೂ ಇದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ತೂಕಗಳು ಗಮನಾರ್ಹವಾಗಿ ಬದಲಾಗಿದ್ದರೆ ಸ್ಪ್ರಿಂಗಿನಲ್ಲಿಯೋ ದಂಡದ ಚಲನೆಯಲ್ಲಿಯೋ ದೋಷ ಉಂಟಾಗಿದೆಯೆಂದು ಅರ್ಥ. ಅಂಥದನ್ನು ತಯಾರಕರಿಂದ ಸರಿಪಡಿಸಿಕೊಳ್ಳುವವರೆಗೆ ಬಳಸಬಾರದು.

6. ಸ್ಪ್ರಿಂಗ್ ಕುಗ್ಗಿದ ಸ್ಥಿತಿಯಲ್ಲಿ ಇಡದೆ, ಮೊನೆಗೆ ಮುಚ್ಚಳ ಹಾಕಿ, ತನ್ನ ಚೀಲದಲ್ಲಿಯೇ ಒಣ ಜಾಗದಲ್ಲಿ ಇಡಬೇಕು.

ಅಳತೆಗಳನ್ನು ಬರೆಯುವ ಪುಸ್ತಕವೂ ಉಪಕರಣದ ಒಂದು ಅಂಗವೇ. ದಿನಾಂಕ, ವೇಳೆ, ಸ್ಥಳ, ಮಣ್ಣು ಬಂದ ಆಳ, ಹವೆ, ಎಲ್ಲ ಅಳತೆಗಳು, ಕೈಬಿಟ್ಟ ಅಳತೆ ಮತ್ತು ಅದಕ್ಕೆ ಕಾರಣ, ಪರೀಕ್ಷಿಸಿದವರ ಹೆಸರು ಇಷ್ಟನ್ನೂ ಸ್ಥಳದಲ್ಲಿಯೇ ಬರೆಯಬೇಕು.

ಅಂಕಿ ಏನೇ ಇರಲಿ, ಪಾಲಿಸಬೇಕಾದ ನಿಯಮಗಳು

ಭಾರತೀಯ ಮಾನಕ ಐಎಸ್ 3764:1992ರ ಪ್ರಕಾರ ಮಣ್ಣಿನಲ್ಲಿ 1.5 ಮೀಟರಿಗಿಂತ ಆಳವಾದ ಕಂದಕಗಳಿಗೆ ಹಲಗೆ, ತೊಲೆಗಳ ಭದ್ರವಾದ ಆಸರೆ ಕೊಡಬೇಕು. ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ನಿಯಮಗಳಲ್ಲಿಯೂ ಅಷ್ಟು ಆಳದ ಕಂದಕದ ಬದಿಗಳನ್ನು ಇಳಿಜಾರಾಗಿ ಕಡಿಯಬೇಕು ಅಥವಾ ಆಸರೆಯಿಂದ ಬಿಗಿಯಬೇಕು ಎಂದಿದೆ. ಅಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಕಂದಕದ ಆಳದ ಅರ್ಧ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. 1.2 ಮೀಟರ್ ಅಥವಾ ಹೆಚ್ಚು ಆಳದ ಕಂದಕಗಳಲ್ಲಿ ಪ್ರತಿ 30 ಮೀಟರ್ ಉದ್ದಕ್ಕೆ ಒಂದರಂತೆ ಏಣಿ ಇರಬೇಕು. ಅದು ನೆಲಮಟ್ಟದಿಂದ ಕನಿಷ್ಠ 90 ಸೆಂಟಿಮೀಟರ್ ಮೇಲಕ್ಕೆ ಚಾಚಿರಬೇಕು. ಉಪಕರಣದ ಅಳತೆ ಎಷ್ಟೇ ಉತ್ತಮವಾಗಿದ್ದರೂ ಈ ನಿಯಮಗಳಿಗೆ ವಿನಾಯಿತಿ ಇಲ್ಲ.

ದಿನವೂ ಕೆಲಸ ಆರಂಭಿಸುವ ಮುನ್ನ ಮತ್ತು ಪ್ರತಿ ಮಳೆಯ ನಂತರ ಕಂದಕದ ಅಂಚಿನ ನೆಲವನ್ನು ನಡೆದು ನೋಡಬೇಕು. ಹೊಸ ಬಿರುಕು, ಗೋಡೆಯಿಂದ ಉದುರುವ ಮಣ್ಣು, ತಳದಲ್ಲಿ ಒಸರುವ ನೀರು, ಬಾಗಿದ ಹಲಗೆ ಇವುಗಳಲ್ಲಿ ಯಾವುದು ಕಂಡರೂ ಎಲ್ಲರನ್ನೂ ಮೇಲಕ್ಕೆ ಕರೆಯಬೇಕು. ತಾನು ಇಳಿಯುವ ಕಂದಕದ ಮಣ್ಣನ್ನು ಪರೀಕ್ಷಿಸಲಾಗಿದೆಯೇ, ಆಸರೆ ಕೊಡಲಾಗಿದೆಯೇ ಎಂದು ಕೇಳಿ ತಿಳಿಯುವುದು ಪ್ರತಿಯೊಬ್ಬ ಕಾರ್ಮಿಕನ ಹಕ್ಕು. ಅದಕ್ಕೆ ಸರಿಯಾದ ಉತ್ತರ ಕೊಡುವುದು ಮೇಲ್ವಿಚಾರಕನ ಕರ್ತವ್ಯ. ಜೇಬಿನಲ್ಲಿ ಹಿಡಿಸುವ ಈ ಪುಟ್ಟ ಉಪಕರಣವನ್ನು ಶುಚಿಯಾಗಿಟ್ಟು, ಕ್ರಮವರಿತು ಬಳಸಿ, ಅದರ ಮಿತಿಯನ್ನು ನೆನಪಿನಲ್ಲಿಟ್ಟುಕೊಂಡರೆ, ಬೆಳಿಗ್ಗೆ ಕಂದಕಕ್ಕೆ ಇಳಿದವರೆಲ್ಲರೂ ಸಂಜೆ ಸುರಕ್ಷಿತವಾಗಿ ಮೇಲೆ ಬರುವಂತೆ ನೋಡಿಕೊಳ್ಳುವ ಕೆಲಸದಲ್ಲಿ ಅದೂ ಒಂದು ಪಾಲು ಸಲ್ಲಿಸುತ್ತದೆ.